ಹೇಳಬಾರದ ಜಾಗದ ಗಂಟು

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಬ್ರಾ. ಬೇರೇನೂ ಇಲ್ಲ. ಬೆಳಗಿನಿಂದ ಸಂಜೆಯವರೆಗೂ ಬ್ರಾ. ಒಂದು ಸಾಲಿನವರು ಕಪ್ ಹೊಲಿಯುತ್ತಾರೆ, ಇನ್ನೊಂದು ಸಾಲಿನವರು ಎಲಾಸ್ಟಿಕ್ ಕೂಡಿಸುತ್ತಾರೆ, ಕೊನೆಯವರು ಹಿಂದಿನ ಕೊಕ್ಕೆ ಹಾಕುತ್ತಾರೆ. ನಾನು ಎಡ ಕಪ್ ಹೊಲಿಯುವವಳು. ಪಕ್ಕದ ಮೆಷಿನ್ನಿನಲ್ಲಿ ಬಲ ಕಪ್ ಹೊಲಿಯುವವಳು ದೊಡ್ಡಕ್ಕ. ಅವಳು ಯಾರಿಗೂ ಒಡಹುಟ್ಟಿದ ಅಕ್ಕನಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಹಳಬಳು, ಅದಕ್ಕೆ ಆ ಹೆಸರು.

ನಮ್ಮ ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಟೇಪು. ಅಳತೆ ಟೇಪು ಅವನ ಕೊರಳಿನಿಂದ ಇಳಿಯುವುದೇ ಇಲ್ಲ. ಮಲಗುವಾಗಲೂ ಹಾಕಿಕೊಂಡೇ ಮಲಗುತ್ತಾನೋ ಏನೋ, ಅವನ ಹೆಂಡತಿಯನ್ನು ಕೇಳಬೇಕು. ಸಿದ್ಧವಾದ ಬ್ರಾ ಒಂದನ್ನು ಎತ್ತಿ ಹಿಡಿದು, ಕಪ್ಪಿನೊಳಗೆ ಮುಷ್ಟಿ ತೂರಿಸಿ, "ಏನಿದು? ಇಷ್ಟು ಸಡಿಲ ಇದ್ರೆ ಒಳಗಿರೋದು ನಿಲ್ಲುತ್ತಾ?" ಎಂದು ಇಡೀ ಸಾಲಿಗೆ ಕೇಳುವಂತೆ ಕೂಗುವ ಗಂಡಸು. ನಾಚಿಕೆ ಅವನ ಹತ್ತಿರ ಸುಳಿದದ್ದನ್ನು ನಾನು ನೋಡಿರಲಿಲ್ಲ. ಅವನಿಗೂ ನಾಚಿಕೆಯಾಗುತ್ತದೆ ಎಂದು ಗೊತ್ತಾದದ್ದು ನನ್ನ ಮೊಲೆಯಲ್ಲಿ ಗಂಟು ಸಿಕ್ಕಿದ ಮೇಲೆ.

ಸಿಕ್ಕಿದ್ದು ಬಚ್ಚಲಿನಲ್ಲಿ. ನಾವಿರುವುದು ವಠಾರ, ಬಚ್ಚಲು ಎಲ್ಲರಿಗೂ ಸೇರಿದ್ದು. ಒಳಗೆ ಹೋದವರು ಸ್ವಲ್ಪ ತಡಮಾಡಿದರೂ ಹೊರಗಿನವರು ಬಾಗಿಲು ಗುದ್ದುತ್ತಾರೆ. ಅಂಥ ಅವಸರದಲ್ಲಿ ತನ್ನ ಮೈಯನ್ನು ತಾನು ನೋಡಿಕೊಳ್ಳುವಷ್ಟು ಪುರಸೊತ್ತು ಯಾರಿಗಿದೆ? ಸೋಪು ಹಚ್ಚಿದ ಕೈ ಜಾರುತ್ತ ಎಡಗಡೆ ಒಂದು ಕಡೆ ತಡೆಯಿತು. ಚರ್ಮದ ಕೆಳಗೆ ಗೋಲಿಯಂಥದ್ದು. ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ. ನೋವಿಲ್ಲ. ಬಲಗಡೆ ಹುಡುಕಿದೆ, ಅಲ್ಲಿಲ್ಲ. ಮತ್ತೆ ಎಡಗಡೆ ಮುಟ್ಟಿದೆ. ಅಲ್ಲೇ ಇತ್ತು. ಮೈಮೇಲೆ ಬಿಸಿನೀರು ಸುರಿಯುತ್ತಿದ್ದರೂ ಕಾಲಿನಿಂದ ಚಳಿ ಹತ್ತಿತು.

"ಏನಮ್ಮ, ಮಹಾರಾಣಿ ಸ್ನಾನ ನಡೀತಿದ್ಯಾ?" ಪಕ್ಕದ ಮನೆಯವಳು ಬಾಗಿಲು ಗುದ್ದಿದಳು.

ಬಂದೆ ಎಂದೆ. ಮೈ ಒರೆಸಿಕೊಳ್ಳದೆಯೇ ಬಟ್ಟೆ ಹಾಕಿಕೊಂಡು ಬಂದೆ.

ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಅವಳು ಶಾಲೆಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುತ್ತಾಳೆ. ಮಕ್ಕಳು ವಾಂತಿ ಮಾಡಿದ್ದನ್ನು ಬಳಿಯುತ್ತಾಳೆ. ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ನಾನು ಹೇಳಿದೆ. ಅವಳ ಚಾಕು ನಿಂತಿತು.

"ಮೆಲ್ಲಗೆ ಮಾತಾಡು. ಗೋಡೆ ಆಚೆ ಜನ ಇದ್ದಾರೆ."

"ಮುಟ್ಟಿ ನೋಡಮ್ಮ."

"ಥೂ, ಸುಮ್ನಿರೆ. ಅಣ್ಣ ಇಲ್ಲೇ ಇದ್ದಾನೆ."

ಅಣ್ಣ ಮೂಲೆಯಲ್ಲಿ ಕೂತು ಮೊಬೈಲ್ ಒತ್ತುತ್ತಿದ್ದ. "ಏನಾಯ್ತು?" ಎಂದ.

"ಅವಳಿಗೆ ಅಲ್ಲೇನೋ ಆಗಿದ್ಯಂತೆ," ಎಂದಳು ಅಮ್ಮ.

"ಎಲ್ಲಿ?"

"ಅಲ್ಲೇ ಕಣೋ."

"ಅಲ್ಲೇ ಅಂದ್ರೆ ಎಲ್ಲಿ? ಕಾರ್ಖಾನೇಲಾ?"

ಕೈ ಚಾಚಿದರೆ ಎದುರು ಗೋಡೆ ಸಿಗುವಂಥ ಕೋಣೆಯಲ್ಲಿ ಮೂರು ಜನ ಕೂತು ಆ ಜಾಗವನ್ನು ಹುಡುಕಿದೆವು. ಕೊನೆಗೆ ನಾನೇ ಹೇಳಿದೆ. ಅಣ್ಣನ ಕಿವಿ ಕೆಂಪಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ.

ಅಮ್ಮನ ಹೆದರಿಕೆಗೆ ಕಾರಣವಿತ್ತು. ನನಗೊಂದು ಸಂಬಂಧ ಬಂದಿತ್ತು. ಹುಡುಗ ಲಾರಿ ಡ್ರೈವರ್. ಅವರ ಕಡೆಯವರು ಬಂದು, ನನ್ನನ್ನು ನೋಡಿ, ಸಣ್ಣಗಿದ್ದಾಳೆ ಆದರೂ ಗಟ್ಟಿ ಇದ್ದಾಳೆ ಎಂದು ಹೇಳಿ ಹೋಗಿದ್ದರು. "ಈಗ ಆಸ್ಪತ್ರೆ ಗೀಸ್ಪತ್ರೆ ಅಂತ ಓಡಾಡಿದ್ರೆ ಅವ್ರ ಕಿವಿಗೆ ಬೀಳುತ್ತೆ. ಮದುವೆ ಒಂದು ಆಗ್ಲಿ. ಆಮೇಲೆ ಅವನೇ ತೋರಿಸ್ತಾನೆ," ಎಂದಳು. ಒಳಗೆ ಏನಿದೆ ಎಂದು ನೋಡದೆ ಮೂಟೆ ಸಾಗಿಸುವುದು ಅವನಿಗೆ ಅಭ್ಯಾಸವೇ ಇರಬೇಕು ಎಂದು ನನಗನ್ನಿಸಿತು.

ಮಾರನೆಯ ದಿನ, ಬ್ರಾ ಪರೀಕ್ಷಿಸುತ್ತಿದ್ದ ಟೇಪುವಿನ ಎದುರು ನಿಂತು ಅರ್ಧ ದಿನ ರಜೆ ಕೇಳಿದೆ.

"ಯಾಕೆ? ಆರ್ಡರ್ ತಲೆ ಮೇಲೆ ಕೂತಿದೆ, ನಿನಗೆ ರಜೆ ಬೇಕಾ?"

"ಆಸ್ಪತ್ರೆಗೆ ಹೋಗ್ಬೇಕು ಸರ್."

"ಏನಾಗಿದೆ? ನೋಡಿದ್ರೆ ಚೆನ್ನಾಗೇ ಇದ್ದೀಯಲ್ಲ."

"ಮೊಲೆಯಲ್ಲಿ ಗಂಟಿದೆ ಸರ್."

ಟೇಪು ತಲೆ ಎತ್ತಿ ಫ್ಯಾನ್ ನೋಡಿದ. ಆಮೇಲೆ ಕಿಟಕಿ ನೋಡಿದ. ನನ್ನನ್ನು ಬಿಟ್ಟು ಕಾರ್ಖಾನೆಯಲ್ಲಿರುವುದನ್ನೆಲ್ಲ ನೋಡಿದ. "ಹೆಣ್ಣುಮಕ್ಕಳು ಇಂಥದ್ದನ್ನೆಲ್ಲ ಹಿಂಗೆ ಬಾಯಿಬಿಟ್ಟು ಹೇಳ್ಬಾರ್ದು. ಸ್ವಲ್ಪ ಮಾನ ಮರ್ಯಾದೆ ಇರ್ಬೇಕು," ಎಂದ. ಅವನ ಮುಷ್ಟಿ ಇನ್ನೂ ಬ್ರಾದ ಕಪ್ಪಿನೊಳಗೇ ಇತ್ತು. ಮರ್ಯಾದೆ ಇರಬೇಕಾದವಳು ನಾನು.

ವೆಲ್‌ಫೇರ್ ಮೇಡಂ ಹತ್ತಿರ ಹೋಗು ಎಂದು ಕಳಿಸಿದ. ಮೇಡಮ್ಮಿನ ಕೋಣೆ ನಮ್ಮ ಯೋಗಕ್ಷೇಮಕ್ಕೆಂದೇ ಇರುವುದು. ಅಲ್ಲೊಂದು ಮಂಚ, ಒಂದು ಕನ್ನಡಿ, ಒಂದು ಡಬ್ಬಿ ಮಾತ್ರೆ. ತಲೆನೋವಿಗೂ ಅದೇ ಮಾತ್ರೆ, ಮುಟ್ಟಿನ ನೋವಿಗೂ ಅದೇ, ಬೆರಳಿಗೆ ಸೂಜಿ ಚುಚ್ಚಿದರೂ ಅದೇ. ನನಗೂ ಒಂದು ಕೊಟ್ಟಳು.

"ಮೈ ಹೀಟಾಗಿದೆ ಅಷ್ಟೆ. ನೀರು ಜಾಸ್ತಿ ಕುಡಿ."

ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ. ಎದ್ದು ಹೋದರೆ ಟೇಪು ಗಡಿಯಾರ ಹಿಡಿದು ಕಕ್ಕಸಿನ ಬಾಗಿಲಿಗೆ ಬರುತ್ತಾನೆ. ಅದಕ್ಕೇ ನಾವ್ಯಾರೂ ಮಧ್ಯಾಹ್ನದವರೆಗೆ ನೀರು ಮುಟ್ಟುವುದಿಲ್ಲ. ಇದು ಮೇಡಮ್ಮಿಗೆ ಗೊತ್ತಿಲ್ಲದ ವಿಷಯವಲ್ಲ.

"ಮದುವೆ ಆಗಿದ್ಯಾ?"

"ಇಲ್ಲ."

"ಅದಕ್ಕೇ. ಮದುವೆಯಾಗಿ ಒಂದು ಮಗು ಹಾಲು ಕುಡಿದ್ರೆ ಎಲ್ಲ ಕರಗಿ ಹೋಗುತ್ತೆ."

"ಅಲ್ಲೀವರೆಗೂ ಗಂಟು ಕಾಯ್ಕೊಂಡಿರುತ್ತಾ ಮೇಡಂ?"

ಬಾಯಿ ಜಾಸ್ತಿಯಾಯಿತು ಎಂದಳು. ಮಾತ್ರೆಯನ್ನು ವಾಪಸು ಕೇಳಲಿಲ್ಲ, ಅಷ್ಟು ದೊಡ್ಡ ಮನಸ್ಸು.

ಮೆಷಿನ್ನಿಗೆ ಮರಳಿ ಬಂದಾಗ ದೊಡ್ಡಕ್ಕ ತಲೆ ಎತ್ತದೆ, ಹೊಲಿಗೆ ನಿಲ್ಲಿಸದೆ ಮಾತಾಡಿದಳು. "ಕೊಟ್ರಾ ರಜೆ?"

"ಮಾತ್ರೆ ಕೊಟ್ರು."

"ಕೇಳಿದ್ದೇ ತಪ್ಪು ಕಣೆ ಕಡ್ಡಿ. ಕೇಳ್ಬೇಡ, ಹೋಗ್ಬಿಡು. ಬೈದ್ರೆ ಆಮೇಲೆ ಬೈಸ್ಕೊ. ಹೋಗಿ, ಏನಂದ್ರು, ಹೆಂಗೆ ನೋಡಿದ್ರು, ಎಲ್ಲ ಬಂದು ನನಗೆ ಹೇಳ್ಬೇಕು."

ನಾನು ಸಣ್ಣಗಿರುವುದಕ್ಕೆ ಅವಳು ನನ್ನನ್ನು ಕಡ್ಡಿ ಎಂದೇ ಕರೆಯುವುದು. ಅವಳ ಮಾತು ಕೇಳಿದೆ. ಮಾರನೆಯ ಬೆಳಿಗ್ಗೆ ಕಾರ್ಖಾನೆಯ ದಾರಿ ಬಿಟ್ಟು ದೊಡ್ಡಾಸ್ಪತ್ರೆಯ ದಾರಿ ಹಿಡಿದೆ.

ಚೀಟಿ ಕೊಡುವ ಗುಮಾಸ್ತ ಗಾಜಿನ ಹಿಂದೆ ಕೂತಿದ್ದ. ಗಾಜಿನಲ್ಲಿ ಅಂಗೈಯಗಲದ ತೂತು. ಅಲ್ಲಿಗೆ ಬಾಯಿ ಇಟ್ಟು ಕಾಯಿಲೆ ಹೇಳಬೇಕು. ಹೇಳಿದೆ.

"ಜೊತೆಗೆ ಯಾರು ಬಂದಿದ್ದಾರೆ? ಗಂಡ? ಅಪ್ಪ?"

"ಗಂಟು ಬಂದಿದೆ."

ಹಿಂದೆ ನಿಂತ ಹೆಂಗಸರು ನಕ್ಕರು. ಅವನು ನಗಲಿಲ್ಲ. ಚೀಟಿಯನ್ನು ತೂತಿನಲ್ಲಿ ತೂರಿ ಎಸೆದ.

ಡಾಕ್ಟರ ಕೋಣೆಯ ಬಾಗಿಲ ಹೊರಗೆ ಬೆಂಚು ತುಂಬಿ, ಗೋಡೆಗೊರಗಿ, ನೆಲದ ಮೇಲೆ, ಎಲ್ಲ ಕಡೆ ಹೆಂಗಸರು. ಯಾರೂ ಯಾರನ್ನೂ ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಎಲ್ಲರೂ ಎದೆಗೆ ಒಂದೊಂದು ಚೀಲ ಅವುಚಿಕೊಂಡಿದ್ದರು. ನನ್ನ ಪಕ್ಕ ಕೂತಿದ್ದ ಮುದುಕಿ ಮಾತ್ರ "ನಿನಗೂ ಅದೇನಾ ಮಗಾ?" ಎಂದಳು. ಹೂಂ ಎಂದೆ. "ಎಷ್ಟು ಚಿಕ್ಕೋಳು," ಎಂದಳು.

ಒಳಗೆ ಡಾಕ್ಟರು, ಅವರ ಹಿಂದೆ ಬಿಳಿ ಕೋಟಿನ ಹುಡುಗ ಹುಡುಗಿಯರ ಗುಂಪು. ಒಂದು ಪರದೆಯಿತ್ತು. ಅದರ ಅರ್ಧ ಬಳೆಗಳು ಕಂಬಿಯಿಂದ ಕಿತ್ತುಬಂದಿದ್ದವು. ಬಾಗಿಲು ಹಾರುಹೊಡೆದಿತ್ತು. ಜವಾನ ಒಳಗೆ ಬರುತ್ತಿದ್ದ, ಹೋಗುತ್ತಿದ್ದ.

"ಮೇಲಿನದು ತೆಗಿ," ಎಂದರು ಡಾಕ್ಟರು. ಹೆಸರು ಕೇಳಲಿಲ್ಲ. ಮುಖ ನೋಡಲಿಲ್ಲ.

ತೆಗೆದೆ. ಮಂಚದ ರೆಕ್ಸಿನ್ ಬೆನ್ನಿಗೆ ತಣ್ಣಗೆ ಅಂಟಿಕೊಂಡಿತು. ಅವರು ಒತ್ತಿ ನೋಡಿದರು. ನನ್ನ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಏನೋ ಪಾಠ ಹೇಳಿದರು. ನಾನು ಮೇಜಿನ ಮೇಲೆ ಹರಡಿದ ಬಟ್ಟೆಯಂತೆ ಬಿದ್ದಿದ್ದೆ. ಗುರುತು ಹಾಕಿ ಕತ್ತರಿಸುವುದೊಂದು ಬಾಕಿ.

"ಒಬ್ಬೊಬ್ಬರಾಗಿ ಬಂದು ನೋಡಿ," ಎಂದರು.

ಒಬ್ಬ ಹುಡುಗ ಬಂದ. ಕೈ ಮಂಜುಗಡ್ಡೆಯಂತಿತ್ತು. ಗಂಟು ಸಿಗದೆ ತಡಕಾಡಿದ. ಹಿಂದಿದ್ದವನು ಏನೋ ಪಿಸುಗುಟ್ಟಿದ. ಇಬ್ಬರೂ ತುಟಿ ಕಚ್ಚಿ ನಗು ತಡೆದರು. ಅಷ್ಟರಲ್ಲಿ ಜವಾನ ಬಾಗಿಲಲ್ಲಿ ನಿಂತು, ನನ್ನನ್ನು ನೋಡುತ್ತಲೇ, "ಸಾರ್, ಟೀ ಇಲ್ಲಿಗೇ ತರ್ಲಾ?" ಎಂದ.

ಎರಡನೆಯ ಹುಡುಗನ ಕೈ ಬಂತು. ಅವನ ಮಣಿಕಟ್ಟು ಹಿಡಿದುಕೊಂಡೆ. ದಿನವಿಡೀ ಬಟ್ಟೆ ಎಳೆದು ಹಿಡಿಯುವ ಕೈ ನನ್ನದು. ಬಿಡಿಸಿಕೊಳ್ಳಲು ಅವನಿಗೆ ಆಗಲಿಲ್ಲ.

"ಸಾಕು," ಎಂದೆ.

ಡಾಕ್ಟರು ಆಗ ನನ್ನ ಮುಖ ನೋಡಿದರು. "ಏನಮ್ಮ ಇದು? ಇದು ಪಾಠ ಹೇಳೋ ಆಸ್ಪತ್ರೆ. ಇವ್ರು ಕಲೀದೆ ಇದ್ರೆ ನಾಳೆ ನಿನ್ನಂಥವರನ್ನ ಯಾರು ನೋಡ್ತಾರೆ?"

"ಕಲೀಲಿ ಸರ್. ಮೊದ್ಲು ಬಾಗಿಲು ಹಾಕೋದು ಕಲೀಲಿ. ಆಮೇಲೆ ಕೇಳಿ ಮುಟ್ಟೋದು ಕಲೀಲಿ."

"ನಿನ್ನ ವಯಸ್ಸಿಗೆ ಏನೂ ಇರಲ್ಲ. ಎದ್ದು ಹೋಗು."

ಎದ್ದೆ. ಬಟ್ಟೆ ಹಾಕಿಕೊಂಡೆ. ಹೋಗಲಿಲ್ಲ. ಅದೇ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತೆ. "ಏನೂ ಇಲ್ಲ ಅನ್ನೋದನ್ನ ಸ್ಕ್ಯಾನ್ ಮಾಡಿ ಹೇಳಿ. ಅಲ್ಲೀವರೆಗೂ ಏಳಲ್ಲ."

"ಜವಾನಾ," ಎಂದು ಡಾಕ್ಟರು ಕರೆದರು. ಜವಾನ ಬಂದ. ಅವನ ಹಿಂದೆಯೇ ಮುದುಕಿ ಬಂದಳು. ಅವಳ ಹಿಂದೆ ಇನ್ನೂ ಕೆಲವರು. ತೆರೆದ ಬಾಗಿಲಲ್ಲಿ ಎಲ್ಲ ಕೇಳಿಸಿತ್ತು. ಮುದುಕಿ ಜವಾನನನ್ನು ಕೋಳಿ ಅಟ್ಟುವಂತೆ ಹೊರಗೆ ಅಟ್ಟಿದಳು. "ಆ ಮಗು ಹೇಳೋದ್ರಲ್ಲಿ ತಪ್ಪೇನಿದೆ? ಕಳೆದ ಸಲ ನಾನು ಇಲ್ಲಿ ಬಿಚ್ಕೊಂಡು ಮಲಗಿದ್ದಾಗ್ಲೂ ಇವನೇ ಬಂದು ಕಿಟಕಿ ಒರೆಸ್ತಿದ್ದ," ಎಂದು ಬಾಗಿಲು ಎಳೆದು ಚಿಲಕ ಹಾಕಿದಳು. ತಾನು ಒಳಗೇ ನಿಂತಳು.

ಬಿಳಿ ಕೋಟಿನ ಗುಂಪಿನಿಂದ ಒಬ್ಬ ಹುಡುಗಿ ಮುಂದೆ ಬಂದಳು. ಕೈಗಳನ್ನು ಒಂದಕ್ಕೊಂದು ಉಜ್ಜಿ ಬಿಸಿ ಮಾಡಿಕೊಂಡು, "ನಾನು ನೋಡ್ಬಹುದಾ?" ಎಂದು ಕೇಳಿದಳು. ನೋಡಿ ಎಂದೆ. ಅವಳು ನೋಡಿದಳು. ಕಂಕುಳಲ್ಲಿಯೂ ಮುಟ್ಟಿ ನೋಡಿದಳು. ಯಾವಾಗಿನಿಂದ ಇದೆ, ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು ಕೇಳಿದಳು. ಅಷ್ಟೇ ಸಾಕಿತ್ತು ನನಗೆ. ಕಣ್ಣಲ್ಲಿ ನೀರು ಬಂದದ್ದು ಆಗ.

ಡಾಕ್ಟರು ಸ್ಕ್ಯಾನಿಗೆ ಬರೆದುಕೊಟ್ಟರು. ನನ್ನ ಮಾತು ಒಪ್ಪಿಕೊಂಡಿದ್ದರಿಂದ ಎಂದೇನೂ ನಾನು ತಿಳಿದುಕೊಂಡಿಲ್ಲ. ಟೀ ಹೊರಗೆ ಆರುತ್ತಿತ್ತು.

ಸ್ಕ್ಯಾನ್ ಆಯಿತು. ಸೂಜಿ ಚುಚ್ಚಿ ಗಂಟಿನಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದರೆ ಬಚ್ಚಲಿನ ಹೊರಗೆ ಬಂದು ನಿಲ್ಲುತ್ತಿದ್ದಳು. ಯಾರೂ ಬಾಗಿಲು ಗುದ್ದದಂತೆ ನೋಡಿಕೊಳ್ಳುತ್ತಿದ್ದಳು.

ಕ್ಯಾನ್ಸರ್ ಅಲ್ಲ ಎಂದು ಬಂತು. ಚಿಕ್ಕ ವಯಸ್ಸಿನವರಲ್ಲಿ ಆಗುವ ಗಂಟಂತೆ. ಕೆಲವು ತಿಂಗಳು ಬಿಟ್ಟು ಮತ್ತೆ ಬಂದು ತೋರಿಸಬೇಕಂತೆ. ಮನೆಗೆ ಬಂದು ಹೇಳಿದಾಗ ಅಮ್ಮ ಗೋಡೆ ಕಡೆ ತಿರುಗಿ ಕೂತು ಅತ್ತಳು.

ಊರಿಗೆಲ್ಲ ಒಂದೇ ಏಟಿಗೆ ವೈದ್ಯವಿದ್ಯೆ ಬಂದುಬಿಟ್ಟಿತು. ನಾನು ಆವತ್ತೇ ಹೇಳಲಿಲ್ಲವಾ ಎಂದ ಅಣ್ಣ. ಅವನು ಆವತ್ತು ಚಪ್ಪಲಿ ಮೆಟ್ಟಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಬರೀ ಹೀಟು ಎಂದಿದ್ದೆನಲ್ಲ ಎಂದಳು ಮೇಡಂ. ಟೇಪು, "ಏನೂ ಇಲ್ಲದ್ದಕ್ಕೆ ಇಷ್ಟು ರಾದ್ಧಾಂತ," ಎಂದು ನನ್ನನ್ನು ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವ ಕಡೆ ಕೂರಿಸಿದ. ಅದು ನೆಲದ ಮೇಲಿನ ಕೆಲಸ. ಕುತ್ತಿಗೆ ಬಗ್ಗಿಸಿ, ಹೊಲಿದು ಬಂದ ಮಾಲಿನಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುತ್ತಾ ಹೋಗಬೇಕು. ಸಂಜೆಗೆ ಹೆಬ್ಬೆರಳು ಊದಿಕೊಳ್ಳುತ್ತದೆ, ಸೊಂಟ ನೆಲಕ್ಕೇ ಅಂಟಿದಂತಾಗುತ್ತದೆ. ಪ್ಯಾಕಿಂಗ್ ವಿಭಾಗದ ಗಂಡಸರು ನನಗೆ ಗಂಟು ಎಂದು ಹೆಸರಿಟ್ಟರು.

ಡ್ರೈವರ್ ಕಡೆಯವರೂ ಹಿಂದೆ ಸರಿದರು. ಗಂಟಿನ ವಿಷಯಕ್ಕಲ್ಲವಂತೆ. ಹುಡುಗಿ ಡಾಕ್ಟರಿಗೇ ಎದುರು ಮಾತಾಡಿದಳು ಎಂಬ ಸುದ್ದಿ ಅವರಿಗೆ ತಲುಪಿತ್ತು. ಸೊಸೆಗೆ ಗಂಟಿದ್ದರೆ ಹೇಗೋ ನಿಭಾಯಿಸಬಹುದು, ಬಾಯಿ ಇರಬಾರದು.

ಆದರೆ ಕಾರ್ಖಾನೆಯಲ್ಲಿ ಇನ್ನೊಂದು ಶುರುವಾಗಿತ್ತು. ನನ್ನನ್ನು ಕಕ್ಕಸಿನ ಹತ್ತಿರ, ಗೇಟಿನ ಹತ್ತಿರ ಒಬ್ಬೊಬ್ಬರೇ ಹಿಡಿದು ಕೇಳುತ್ತಿದ್ದರು. ನೋವಾಗುತ್ತಾ? ಗಂಡಸು ಡಾಕ್ಟರಾ? ಯಾವ ಬಾಗಿಲು? ಕೆಲವರು ರಜೆಯನ್ನೂ ಕೇಳಿದರಂತೆ. ಆಗ ಮೇಡಂ ನನ್ನನ್ನು ಕರೆಸಿ ಕುರ್ಚಿ ತೋರಿಸಿದಳು. ಆ ಕುರ್ಚಿಯಲ್ಲಿ ಕೆಲಸದವರನ್ನು ಕೂರಿಸಿದ್ದು ಅದೇ ಮೊದಲು.

"ನೋಡಮ್ಮ, ಹೆಣ್ಣುಮಕ್ಕಳು ಸುಮ್ಮನೆ ಗಾಬರಿಯಾಗಿದ್ದಾರೆ. ನೀನೇ ಮೈಕಲ್ಲಿ ಎರಡು ಮಾತು ಹೇಳು. ತೋರಿಸ್ದೆ, ಏನೂ ಇರ್ಲಿಲ್ಲ, ಯಾರೂ ಹೆದರ್ಬೇಡಿ ಅಂತ. ನಾಳೆಯಿಂದ ನಿನ್ನ ಮೆಷಿನ್ ನಿನಗೆ."

ಆಗಲಿ ಎಂದೆ.

ಊಟದ ಬಿಡುವಿನಲ್ಲಿ ಎಲ್ಲರನ್ನೂ ಕೂಡಿಸಿದರು. ಮೈಕು ಕೈಗೆ ಬಂತು.

"ನಂಗೆ ಮೊಲೆಯಲ್ಲಿ ಗಂಟಿತ್ತು," ಎಂದೆ. ಆ ಮಾತು ಸ್ಪೀಕರಿನಿಂದ ಹೊರಟು ಪ್ಯಾಕಿಂಗ್ ವಿಭಾಗ ದಾಟಿ ಗೇಟಿನ ಕಾವಲುಗಾರನ ತನಕ ಹೋಯಿತು. "ತೋರಿಸ್ದೆ. ಏನೂ ಇರ್ಲಿಲ್ಲ."

ಮೇಡಂ ತಲೆಯಾಡಿಸಿದಳು.

"ಏನೂ ಇಲ್ಲ ಅಂತ ಗೊತ್ತಾಗಿದ್ದು ತೋರಿಸಿದ್ದಕ್ಕೆ. ಮೇಡಂ ಮಾತ್ರೆ ಕೊಟ್ಟಿದ್ದಕ್ಕಲ್ಲ. ಸೂಪರ್‌ವೈಸರ್ ಫ್ಯಾನ್ ನೋಡಿದ್ದಕ್ಕೂ ಅಲ್ಲ. ನಿಮ್ಮ ಮೊಲೆ ನೀವು ಮುಟ್ಟಿ ನೋಡ್ಕೊಳ್ಳಿ. ದಿನಾ ಊರಿನವರ ಅಳತೆಗೆ ಹೊಲೀತೀವಿ, ನಮ್ಮದು ನಮಗೆ ಗೊತ್ತಿಲ್ಲ. ಏನಾದ್ರೂ ಸಿಕ್ಕಿದ್ರೆ ಯಾರನ್ನೂ ಕೇಳ್ಬೇಡಿ, ನನ್ನ ಜೊತೆ ಬನ್ನಿ."

ಟೇಪು ವೈರು ಕಿತ್ತ. ಮೆಷಿನ್ನುಗಳೆಲ್ಲ ನಿಂತಿದ್ದ ಹೊತ್ತು. ಉಳಿದದ್ದನ್ನು ಮೈಕಿಲ್ಲದೆಯೇ ಹೇಳಿದೆ.

ನನ್ನ ಮೆಷಿನ್ ನನಗೆ ಬರಲಿಲ್ಲ. ಆವತ್ತು ಸಂಜೆ ಕೈ ತೊಳೆಯುವ ಕಡೆ ದೊಡ್ಡಕ್ಕ ಬಂದು ನಿಂತಳು. ಎಲ್ಲರೂ ಹೋಗುವವರೆಗೆ ಕಾದಳು. ಆಮೇಲೆ ನನ್ನ ಕೈ ಹಿಡಿದು ತನ್ನ ಬಟ್ಟೆಯೊಳಗೆ ಇಟ್ಟುಕೊಂಡಳು.

"ಇದು ನಿನ್ನದರ ಥರ ಸರಿದಾಡಲ್ಲ, ಅಲ್ವಾ?"

ಸರಿದಾಡಲಿಲ್ಲ. ಕಲ್ಲಿನಂತೆ ಕೂತಿತ್ತು. ಅದರ ಮೇಲಿನ ಚರ್ಮ ಒಳಕ್ಕೆ ಸೆಳೆದುಕೊಂಡಿತ್ತು.

"ಯಾವಾಗಿಂದ ಅಕ್ಕ?"

"ಮಗಳು ಶಾಲೆಗೆ ಸೇರೋಕೆ ಮುಂಚಿಂದ."

ಮಗಳು ಆಗಲೇ ಓದಲು ಬರೆಯಲು ಕಲಿತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಹೋಗು ಹೋಗು ಅಂತ ಕಳಿಸ್ದೆ. ನೀನ್ಯಾಕೆ ಹೋಗ್ಲಿಲ್ಲ?"

"ನಿನ್ನ ಕಳಿಸಿ ನೋಡ್ದೆ ಕಣೆ," ಎಂದಳು. "ಅಲ್ಲಿ ಏನ್ ಮಾಡ್ತಾರೋ ಗೊತ್ತಿರ್ಲಿಲ್ಲ. ನೀನು ಬದುಕಿ ಬಂದ್ಯಲ್ಲ."

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ನಾವಿಬ್ಬರೇ ಇರಲಿಲ್ಲ. ಇನ್ನೂ ನಾಲ್ಕೈದು ಜನ ಬಂದು ಸೇರಿದರು. ಟೇಪು ಓಡಿಬಂದ. ಎಲ್ಲಿಗೆ ಎಂದ. ದೊಡ್ಡಕ್ಕ ಎಲ್ಲಿಗೆ, ಏನು ತೋರಿಸಲು ಎಂದು ಅಚ್ಚುಕಟ್ಟಾಗಿ ಹೇಳಿದಳು. ಅವನು ತಡೆಯಲಿಲ್ಲ. ತಡೆಯಬೇಕಾದರೆ ಆ ವಿಷಯ ಮಾತಾಡಬೇಕಾಗುತ್ತಿತ್ತು.

ಉಳಿದವರಿಗೆ ಏನೂ ಇರಲಿಲ್ಲ. ದೊಡ್ಡಕ್ಕನಿಗಿತ್ತು. ತಡವಾಗಿದೆ, ಆದರೆ ಕೈಮೀರಿಲ್ಲ ಎಂದರು. ಎಡ ಮೊಲೆ ತೆಗೆದರು. ಔಷಧಿ ಏರಿಸಿದರು, ಕೂದಲು ಉದುರಿತು, ಉಗುರು ಕಪ್ಪಾಯಿತು. ನಾವು ಸರದಿಯ ಮೇಲೆ ಅವಳ ಹತ್ತಿರ ಹೋಗಿ ಕೂತೆವು. ಮಗಳು ಅವಳ ಬೋಳು ತಲೆಯನ್ನು ಸವರಿ ನಗುತ್ತಿದ್ದಳು. ಮರಿಗೂದಲು ಬರುವ ಹೊತ್ತಿಗೆ ದೊಡ್ಡಕ್ಕ ಕೆಲಸಕ್ಕೆ ಮರಳಿದಳು. ಅವಳಷ್ಟು ವೇಗವಾಗಿ ಕಪ್ ಹೊಲಿಯುವವರು ಬೇರೆ ಯಾರೂ ಸಿಕ್ಕಿರಲಿಲ್ಲ, ಅದಕ್ಕೇ ಸೇರಿಸಿಕೊಂಡರು. ಕರುಣೆಯಿಂದ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದರು.

ಒಂದು ದಿನ ಮಾಲು ಕೊಳ್ಳುವ ಹೊರದೇಶದವರು ಕಾರ್ಖಾನೆ ನೋಡಲು ಬರುವವರಿದ್ದರು. ನೆಲವನ್ನು ಎರಡೆರಡು ಸಲ ಒರೆಸಿದ್ದಾಯಿತು. ಕಕ್ಕಸಿಗೆ ಸೋಪು ಬಂತು. ಟೇಪು ಹೊಸ ಅಂಗಿ ಹಾಕಿಕೊಂಡು ದೊಡ್ಡಕ್ಕನ ಮೆಷಿನ್ ಹತ್ತಿರ ಬಂದ. ನಾನು ಪಕ್ಕದಲ್ಲೇ ನೆಲದ ಮೇಲೆ ದಾರ ಕತ್ತರಿಸುತ್ತಿದ್ದೆ. ಅವನ ಕೈಯಲ್ಲಿ ಒಂದು ಕಪ್ ಇತ್ತು. ಒಳಗೆ ಚಿಂದಿ ತುರುಕಿತ್ತು.

"ಇದನ್ನ ಒಳಗೆ ಹಾಕ್ಕೊ. ಬ್ರಾ ಮಾಡೋ ಜಾಗದಲ್ಲಿ ಹೆಂಗಸು ಹಿಂಗೆ ಕಂಡ್ರೆ ಚೆನ್ನಾಗಿರಲ್ಲ. ಇಲ್ಲಾಂದ್ರೆ ಅವ್ರು ಹೋಗೋವರೆಗೂ ಗೋಡೌನಲ್ಲಿ ಕೂತಿರು."

ದೊಡ್ಡಕ್ಕ ಆ ಕಪ್ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ರಿಜೆಕ್ಟ್ ಮಾಲಲ್ವಾ ಸರ್?"

"ಮತ್ತೆ, ಒಳ್ಳೇ ಮಾಲು ಕೊಡೋಕಾಗುತ್ತಾ?"

ಅವಳು ಅದನ್ನು ಅವನ ಹೊಸ ಅಂಗಿಯ ಜೇಬಿಗೆ ತುರುಕಿದಳು. ಅವನ ಎದೆ ಒಂದು ಕಡೆ ಉಬ್ಬಿತು. "ನಿಮಗೇ ಚೆನ್ನಾಗಿ ಕಾಣುತ್ತೆ, ಇಟ್ಕೊಳ್ಳಿ," ಎಂದಳು. "ನಾನು ಎಲ್ಲಿಗೂ ಏಳಲ್ಲ."

ಅವನು ಜೇಬಿನಿಂದ ಅದನ್ನು ಕಿತ್ತು ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರು, ಅವನ ಹಿಂದೆ ಹೊರದೇಶದವರು ಕಾಣಿಸಿಕೊಂಡರು. ದೊಡ್ಡಕ್ಕ ಮೆಷಿನ್ ನಿಲ್ಲಿಸಿದಳು. ನಾನು ಕತ್ತರಿ ಕೆಳಗಿಟ್ಟೆ. ಮುಂದಿನ ಮೆಷಿನ್ ನಿಂತಿತು. ಅದರಾಚೆಯದು ನಿಂತಿತು. ನೋಡುನೋಡುತ್ತಿದ್ದಂತೆ ಇಡೀ ಸಾಲು ನಿಂತು, ತಲೆಯ ಮೇಲೆ ಫ್ಯಾನ್ ತಿರುಗುವ ಸದ್ದೊಂದೇ ಉಳಿಯಿತು. ಮ್ಯಾನೇಜರು ಟೇಪುವನ್ನು ನೋಡಿದ. ಟೇಪು ನಮ್ಮನ್ನು ನೋಡಿದ. "ಮೆಷಿನ್, ಮೆಷಿನ್," ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ. ಯಾರೂ ಪೆಡಲ್ ಮುಟ್ಟಲಿಲ್ಲ.

ಬಂದವರು ಸಾಲಿನುದ್ದಕ್ಕೂ ನಡೆದು ದೊಡ್ಡಕ್ಕನ ಮುಂದೆ ಬಂದರು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹಾಕಿದ ಬಟ್ಟೆಯ ಮೇಲೆ ಇನ್ನೇನನ್ನೂ ಹೊದ್ದಿರಲಿಲ್ಲ. ಒಂದು ಕಡೆ ಮೊಲೆಯಿತ್ತು, ಇನ್ನೊಂದು ಕಡೆ ಇರಲಿಲ್ಲ. ಅವರು ನೋಡಿದರು. ನೋಡಲಿ ಎಂದೇ ಅವಳು ಕೂತಿದ್ದಳು.

ಸಾಕಷ್ಟು ನೋಡಿದರು ಅನ್ನಿಸಿದಾಗ ಅವಳೇ ಬಗ್ಗಿ ಪೆಡಲ್ ಒತ್ತಿದಳು. ಮೊದಲು ಅವಳ ಮೆಷಿನ್ ಶುರುವಾಯಿತು. ಆಮೇಲೆ ಇಡೀ ಸಾಲಿನದು.